ಕಂಬಳದ ರಾತ್ರಿ, ಇಬ್ಬರು ಯಜಮಾನರು

ಕಂಬಳದ ವಲಯದಲ್ಲಿ ಎಲ್ಲರಿಗೂ ಎಲ್ಲರ ಪರಿಚಯ ಉಂಟು. ಹಾಗಾಗಿ ಊರು, ವಯಸ್ಸು, ಕೋಣ ಓಡುವ ವಿಭಾಗ, ಮನೆಯ ಕೆಲವು ವಿವರ ಬದಲಿಸಿದ್ದೇನೆ. ತಂದೆ, ಮಗ ಇಬ್ಬರೂ ಒಪ್ಪಿದ ಮೇಲೆಯೇ ಬರೆಯುತ್ತಿದ್ದೇನೆ.

ಆಪ್ತಸಲಹೆಗೆಂದು ನನ್ನ ಹತ್ತಿರ ಮೊದಲು ಬಂದವರು ಆ ಮನೆಯ ಸೊಸೆ. "ಮಾವನೂ ಇವರೂ ಮಾತಾಡದೆ ಒಂದು ತಿಂಗಳ ಮೇಲಾಯ್ತು. ಒಂದೇ ಹಟ್ಟಿಯಲ್ಲಿ ಕೋಣಗಳಿಗೆ ಎಣ್ಣೆ ಹಚ್ಚುತ್ತಾರೆ, ಮುಖ ನೋಡುವುದಿಲ್ಲ. ಅತ್ತೆ ಇಬ್ಬರ ನಡುವೆ ಸುದ್ದಿ ಮುಟ್ಟಿಸಿ ಸುಸ್ತಾಗಿದ್ದಾರೆ" ಎಂದರು. ಕೋಣಗಳನ್ನು ಮಾರಿಬಿಡಿ ಎಂದು ನೆಂಟರು ಸಲಹೆ ಕೊಟ್ಟಿದ್ದರಂತೆ. ನನಗೆ ಅದು ಸರಿ ಕಾಣಲಿಲ್ಲ. ಈ ಮನೆಯಲ್ಲಿ ತಂದೆ ಮಗ ಇಬ್ಬರೂ ಒಟ್ಟಿಗೆ ಪ್ರೀತಿಸುವ ಸಂಗತಿ ಅದೊಂದೇ ಇತ್ತು.

ತಂದೆಗೆ ಎಪ್ಪತ್ತು ದಾಟಿದೆ. ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಮಗನಿಗೆ ನಲವತ್ತರ ಹತ್ತಿರ, ಮಂಗಳೂರಿನಲ್ಲಿ ಕೆಲಸ. ನವೆಂಬರ್‌ನಿಂದ ಮಾರ್ಚ್‌ವರೆಗೆ ವಾರದ ಕೊನೆಯೆಲ್ಲ ಕಂಬಳಕ್ಕೇ.

ಕಂಬಳ ನೋಡದವರಿಗೆ ಒಂದು ಮಾತು. ಕೆಸರುಗದ್ದೆಯ ಕರೆಯಲ್ಲಿ, ಅಂದರೆ ಓಟದ ದಾರಿಯಲ್ಲಿ, ಒಂದು ಜೋಡಿ ಕೋಣ ಓಡಿ ಮುಗಿಸಲು 12-13 ಸೆಕೆಂಡು ಸಾಕು. ಆದರೆ ಅದರ ಸುತ್ತ ಒಂದು ಇಡೀ ಹಗಲು, ಒಂದು ಇಡೀ ರಾತ್ರಿ ಇರುತ್ತದೆ. ಲಾರಿಯಿಂದ ಕೋಣ ಇಳಿಸಬೇಕು, ನೆರಳು ಹುಡುಕಬೇಕು, ನೀರು ಹಾಕಬೇಕು, ಮೈಕಿನಲ್ಲಿ ಹೆಸರು ಕೂಗುವುದಕ್ಕೆ ಕಿವಿ ಕೊಟ್ಟಿರಬೇಕು. ಕೋಣಗಳನ್ನು ಬಿಡುವ ಜಾಗ ಗಂತು. ಅಲ್ಲಿ ಅವು ಸುಲಭಕ್ಕೆ ನಿಲ್ಲುವುದಿಲ್ಲ, ಹಿಡಿಯಲು ಜನ ಬೇಕು. ಓಟ ಮುಗಿಯುವ ಮಂಜೊಟ್ಟಿಯಲ್ಲಿ ಹಿಡಿಯಲು ಬೇರೆ ಜನ. ಗೆದ್ದಷ್ಟೂ ಮುಂದಿನ ಸುತ್ತು, ಮುಂದಿನ ಸುತ್ತು ಅಂದರೆ ಇನ್ನಷ್ಟು ನಿದ್ದೆಗೇಡು. ಸೆಮಿಫೈನಲ್ ಬರುವಾಗ ಕೋಳಿ ಕೂಗಿರುತ್ತದೆ.

ಜಗಳ ಆದದ್ದು ಅಂಥ ಒಂದು ಬೆಳಗಿನ ಜಾವ. ಬಲಬದಿಯ ಕೋಣ ಹಿಂಗಾಲು ಸರಿ ಊರುತ್ತಿಲ್ಲ ಎಂದು ಮಗನಿಗೆ ಅನಿಸಿತು. ತಂದೆಯನ್ನು ಕೇಳದೆ ಹೋಗಿ, ಜೋಡಿ ಕರೆಗೆ ಇಳಿಯುವುದಿಲ್ಲ ಎಂದು ಸಮಿತಿಯವರಿಗೆ ಹೇಳಿಬಿಟ್ಟ. ತಂದೆಗೆ ವಿಷಯ ಗೊತ್ತಾದದ್ದು ಮೈಕಿನಲ್ಲಿ! ಅವರು ಗಂತಿನ ಹತ್ತಿರವೇ, ಕೋಣ ಹಿಡಿಯುವ ಹುಡುಗರ ಎದುರೇ ಮಗನಿಗೆ ಬಾಯಿಗೆ ಬಂದ ಹಾಗೆ ಬೈದರು. ಮಗನೂ ಬಿಡಲಿಲ್ಲ. "ನಿಮಗೆ ವಯಸ್ಸಾಯ್ತು, ಸುಮ್ನೆ ಕೂತ್ಕೊಳ್ಳಿ" ಎಂದ.

ಇಬ್ಬರನ್ನೂ ಮೊದಲು ಬೇರೆ ಬೇರೆ ಕೂರಿಸಿ ಮಾತಾಡಿಸಿದೆ. ಇಂಥ ಪ್ರಕರಣದಲ್ಲಿ ಒಟ್ಟಿಗೆ ಕೂರಿಸುವ ಅವಸರ ಒಳ್ಳೆಯದಲ್ಲ. ನನ್ನ ಎದುರು ಗಂತಿನ ಜಗಳವೇ ಇನ್ನೊಮ್ಮೆ ಆಗುತ್ತದೆ, ಅಷ್ಟೆ.

ತಂದೆ ಜಾಸ್ತಿ ಮಾತಿನವರಲ್ಲ. ಕೋಣಗಳ ಬಗ್ಗೆ ಕೇಳಿದಾಗ ಮಾತ್ರ ಬಾಯಿ ಬಿಟ್ಟರು. 2014ರ ಮೇ ತಿಂಗಳಲ್ಲಿ ಜಲ್ಲಿಕಟ್ಟಿನ ಬಗ್ಗೆ ಸುಪ್ರೀಂ ಕೋರ್ಟ್ ತೀರ್ಪು ಬಂದ ಮೇಲೆ ಕಂಬಳದ ತಲೆಯ ಮೇಲೂ ಕತ್ತಿ ತೂಗಿತ್ತಲ್ಲ, 2016ರ ನವೆಂಬರ್‌ನಲ್ಲಿ ಹೈಕೋರ್ಟ್ ತಡೆ ಕೊಟ್ಟಿತಲ್ಲ, ಆ ದಿನಗಳನ್ನು ಅವರು ವಿವರವಾಗಿ ಹೇಳಿದರು. ಓಟವೇ ಇಲ್ಲ, ಆದರೂ ದಿನಾ ಹುರುಳಿ ಬೇಯಿಸಿದರು, ಎಣ್ಣೆ ಹಚ್ಚಿ ತಿಕ್ಕಿದರು. ಗುರುತಿನವರು ಕೆಲವರು ಕೋಣ ಮಾರಿದರು, ಇವರು ಮಾರಲಿಲ್ಲ. 2017ರಲ್ಲಿ ರಾಜ್ಯ ಸರ್ಕಾರ ಕಂಬಳಕ್ಕೆ ಅವಕಾಶ ಆಗುವ ಹಾಗೆ ಕಾನೂನು ತಿದ್ದಿತು. 2023ರ ಮೇ 18ರಂದು ಸುಪ್ರೀಂ ಕೋರ್ಟ್ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. "ಓಟ ನಿಂತಿದ್ದಾಗ ಮಗ ನನ್ನ ಜೊತೆ ಇರಲಿಲ್ಲ, ಹೊರಗೆ ಓದುತ್ತಿದ್ದ, ಕೆಲಸ ಮಾಡುತ್ತಿದ್ದ. ಈಗ ಬಂದು ನನ್ನನ್ನು ಪೆಂಡಾಲಿನಲ್ಲಿ ಕೂರಿಸುವುದಾದರೆ ಎಂತಕ್ಕೆ ಕರ್ಕೊಂಡು ಹೋಗುವುದು?" ಎಂದು ಕೇಳಿದರು.

ಮಗನದು ಬೇರೆಯೇ ಸಂಕಟ. ಕೋಣದ ಕಾಲಿನ ಬಗ್ಗೆ ಹೇಳುತ್ತಾ ಹೇಳುತ್ತಾ ತಂದೆಯ ಕಡೆಗೆ ಬಂದ. ಆ ರಾತ್ರಿ ಅಪ್ಪನ ಅಂಗಿ ಬೆವರಿಗೆ ಒದ್ದೆಯಾಗಿತ್ತು, ಚಳಿ ಇದ್ದರೂ. ಹಗ್ಗ ಹಿಡಿದ ಕೈ ನಡುಗುತ್ತಿತ್ತು. "ಅಲ್ಲೇ ಬಿದ್ದರೆ ಅಮ್ಮನಿಗೆ ಎಂತ ಹೇಳುವುದು ಮೇಡಂ?" ಎಂದು ಕಣ್ಣು ಒರೆಸಿಕೊಂಡ. ಕೋಣವನ್ನು ಇಳಿಸದೆ ಇದ್ದದ್ದರಲ್ಲಿ ಅಪ್ಪನನ್ನು ಮನೆಗೆ ಕರ್ಕೊಂಡು ಹೋಗುವ ಆಸೆಯೂ ಸೇರಿತ್ತು. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ.

ಬೆವರು, ನಡುಕ, ಇದ್ದಕ್ಕಿದ್ದಂತೆ ಸಿಟ್ಟು. ನಾನು ವೈದ್ಯೆಯಲ್ಲ, ಆದರೆ ಈ ಮೂರು ಒಟ್ಟಿಗೆ ಕೇಳಿದಾಗ ಒಂದು ಪ್ರಶ್ನೆ ಕೇಳಲೇಬೇಕಿತ್ತು: ಅವತ್ತು ರಾತ್ರಿ ಎಷ್ಟು ಹೊತ್ತಿಗೆ ಉಂಡಿರಿ? ತಂದೆ ಯೋಚಿಸಿದರು. ಸಂಜೆ ಮಾತ್ರೆ ತೆಗೆದುಕೊಂಡದ್ದು ನೆನಪಿತ್ತು. ಊಟದ ನೆನಪಿರಲಿಲ್ಲ. ಎರಡು ಸಲ ಚಾ ಕುಡಿದಿದ್ದರು, ಅದೂ ಸಕ್ಕರೆ ಇಲ್ಲದ್ದು. ಸಕ್ಕರೆ ಕಾಯಿಲೆಯ ಕೆಲವು ಮಾತ್ರೆಗಳು, ಇನ್ಸುಲಿನ್ ಕೂಡ, ಊಟ ತಪ್ಪಿದರೆ ರಕ್ತದ ಸಕ್ಕರೆಯನ್ನು ತೀರಾ ಕೆಳಗೆ ಇಳಿಸುತ್ತವೆ. ಆಗ ಮನುಷ್ಯ ಬೆವರುತ್ತಾನೆ, ನಡುಗುತ್ತಾನೆ, ಸಿಡುಕುತ್ತಾನೆ, ಕೆಲವೊಮ್ಮೆ ಎಂತ ಮಾತಾಡುತ್ತಿದ್ದೇನೆ ಅಂತಲೇ ತಿಳಿಯುವುದಿಲ್ಲ. ಅವರನ್ನು ಅವರ ವೈದ್ಯರ ಹತ್ತಿರ ಕಳಿಸಿದೆ. ಆ ರಾತ್ರಿ ಯಾರೂ ಸಕ್ಕರೆ ಪರೀಕ್ಷೆ ಮಾಡಿರಲಿಲ್ಲ, ಹಾಗಾಗಿ ಹೌದು ಎಂದು ಖಚಿತವಾಗಿ ಹೇಳಲು ಬರುವುದಿಲ್ಲ, ಆದರೆ ಮಾತ್ರೆ ಆ ಬಗೆಯದ್ದೇ ಎಂದರು ವೈದ್ಯರು. ಕಂಬಳದ ದಿನ ಮಾತ್ರೆ ಯಾವಾಗ, ಊಟ ಯಾವಾಗ ಎಂದು ಬರೆದುಕೊಟ್ಟರು. ರಕ್ತದ ಸಕ್ಕರೆ ನೋಡುವ ಗ್ಲುಕೋಮೀಟರ್ ಜೊತೆಗಿರಲಿ, ಸಕ್ಕರೆ 70ಕ್ಕಿಂತ (mg/dL) ಕೆಳಗೆ ಹೋದರೆ ತಕ್ಷಣ ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಯಿರಿ, 15 ನಿಮಿಷ ಬಿಟ್ಟು ಮತ್ತೆ ನೋಡಿ ಎಂದೂ ಹೇಳಿದರು. ಪ್ರಜ್ಞೆ ತಪ್ಪಿದರೆ ಬಾಯಿಗೆ ಏನನ್ನೂ ಹಾಕಬಾರದು, ನೇರ ಆಸ್ಪತ್ರೆಗೆ.

ಹಾಗಂತ ಇಡೀ ಜಗಳವನ್ನು ಸಕ್ಕರೆಯ ತಲೆಗೆ ಕಟ್ಟುವುದು ತಪ್ಪು. ಬೈಗುಳ ಸಕ್ಕರೆಯದ್ದಿರಬಹುದು, ನೋವು ಅದಕ್ಕಿಂತ ಹಳೆಯದು. ಮಗ ಕೆಲಸಗಳನ್ನೆಲ್ಲ ವಹಿಸಿಕೊಂಡಿದ್ದ: ಲಾರಿ, ಹುಡುಗರ ಊಟ, ಖರ್ಚು, ಪಶುವೈದ್ಯರು, ಸಮಿತಿ. ಅಪ್ಪನಿಗೆ ಆರಾಮ ಆಗಲಿ ಎಂದೇ ಮಾಡಿದ್ದು. ಆದರೆ ಕೆಲಸದ ಜೊತೆ ತೀರ್ಮಾನವೂ ಅವನ ಕೈಗೆ ಹೋಗಿತ್ತು. ಅದನ್ನು ಯಾರೂ ಕೂತು ಮಾತಾಡಿ ಒಪ್ಪಿರಲಿಲ್ಲ. ವಯಸ್ಸಾದ ತಂದೆತಾಯಿಯ ಜೊತೆ ಗದ್ದೆ, ಅಂಗಡಿ, ಜಾತ್ರೆ ಏನೇ ನಡೆಸುವವರಲ್ಲೂ ನಾನು ಇದನ್ನೇ ಕಾಣುತ್ತೇನೆ. ಭಾರ ಇಳಿಸುತ್ತೇವೆ ಅಂದುಕೊಂಡು ಹಕ್ಕನ್ನೂ ಇಳಿಸಿಕೊಂಡಿರುತ್ತೇವೆ.

ಒಟ್ಟಿಗೆ ಕೂತ ದಿನ ಮಗ ತನ್ನ ಹೆದರಿಕೆಯನ್ನು ಹೇಳಿದ. ತಂದೆ ತುಂಬಾ ಹೊತ್ತು ನೆಲ ನೋಡುತ್ತಿದ್ದರು. "ಅದನ್ನು ಅವತ್ತೇ ಹೇಳಬಹುದಿತ್ತಲ್ಲ. ನನಗೆ ಕೋಣ ನೋಡ್ಲಿಕ್ಕೆ ಬರುವುದಿಲ್ಲ ಅಂತ ನೀನು ಅಂದುಕೊಂಡಿ ಅಂತ ತಿಳಿದೆ" ಎಂದರು. ಅಲ್ಲಿಂದ ಮುಂದೆ ಕೆಲಸ ಸುಲಭವಾಯಿತು.

ಒಂದು ಹಾಳೆ ಕೊಟ್ಟೆ. ಯಾವ ಕೆಲಸ ಯಾರು ಮಾಡಬೇಕು ಅಂತ ಬರೆಯುವುದು ಬೇಡ, ಯಾವ ವಿಷಯದಲ್ಲಿ ಕೊನೆಯ ಮಾತು ಯಾರದ್ದು ಅಂತ ಮಾತ್ರ ಬರೆಯಿರಿ ಎಂದೆ. ಯಾವ ಕೂಟಕ್ಕೆ ಹೋಗುವುದು, ಯಾರು ಓಡಿಸುವುದು, ಓಡಿಸುವವನಿಗೆ ಏನು ಹೇಳಿಕೊಡುವುದು: ಇದೆಲ್ಲ ತಂದೆ. ಹಣ, ಜನ, ಸಮಿತಿಯ ಜೊತೆ ಮಾತು, ಬೆತ್ತದ ಬಳಕೆಯಲ್ಲಿ ನಿಯಮ ಮೀರದ ಹಾಗೆ ನೋಡುವುದು: ಮಗ. ಕಷ್ಟ ಬಂದದ್ದು ಕೋಣವನ್ನು ಇಳಿಸದೆ ಇರುವ ತೀರ್ಮಾನಕ್ಕೆ. ಅದರ ಮೇಲೆ ತುಂಬಾ ಚರ್ಚೆ ಆಯಿತು. ಕೊನೆಗೆ ತಂದೆಯೇ ದಾರಿ ತೋರಿಸಿದರು. ಓಡಿಸಲು ಇಬ್ಬರೂ ಒಪ್ಪಬೇಕು, ಬೇಡ ಎನ್ನಲು ಒಬ್ಬರು ಸಾಕು. ಯಾರು ಬೇಡ ಎಂದರೂ ಗಂತಿನಲ್ಲಿ ವಾದ ಇಲ್ಲ. ವಾದ ಮರುದಿನ, ನಿದ್ದೆ ಮಾಡಿ ಎದ್ದ ಮೇಲೆ.

ಇನ್ನು ಕೆಲವು ಸಣ್ಣ ಮಾತುಗಳನ್ನೂ ಹೇಳಿದೆ. ಏನೇ ತೀರ್ಮಾನ ಆಗಲಿ, ಸಮಿತಿಗೆ ಹೋಗುವ ಮೊದಲು ಅಪ್ಪನ ಕಿವಿಗೆ ಹೋಗಬೇಕು. ಹುಡುಗರ ಎದುರು ಇಬ್ಬರೂ ಒಬ್ಬರನ್ನೊಬ್ಬರು ತಿದ್ದಬಾರದು. "ಕೂತ್ಕೊಳ್ಳಿ" ಎನ್ನುವ ಬದಲು "ಇದನ್ನೊಮ್ಮೆ ನೋಡಿ" ಎಂದು ಕರೆಯಬೇಕು, ನಿಜಕ್ಕೂ ನೋಡಬೇಕಾದದ್ದು ಇದ್ದಾಗ ಮಾತ್ರ. ಸುಮ್ನೆ ಸಮಾಧಾನಕ್ಕೆ ಕರೆದರೆ ಹಿರಿಯರಿಗೆ ಕೂಡಲೇ ಗೊತ್ತಾಗುತ್ತದೆ. ಮೊದಲ ಸುತ್ತು ಮುಗಿದ ಮೇಲೆ ತಂದೆ ಕಾರಿನಲ್ಲಿ ಎರಡು ಗಂಟೆ ಮಲಗಬೇಕು. ತಮ್ಮ ಜೋಡಿಯ ಸರದಿಗೆ ಅರ್ಧ ಗಂಟೆ ಇರುವಾಗ ಎಬ್ಬಿಸುತ್ತೇನೆ ಎಂದು ಮಗ ಮಾತು ಕೊಡಬೇಕು, ಕೊಟ್ಟ ಮಾತು ಒಂದು ಸಲವೂ ತಪ್ಪಬಾರದು.

ಮುಂದಿನ ಸೀಸನ್ ಮುಗಿದ ಮೇಲೆ ಇಬ್ಬರೂ ಬಂದರು. ಊಟದ ಸಮಯ ತಪ್ಪಿಲ್ಲ. ತಂದೆಯ ಅಂಗಿ ಜೇಬಿನಲ್ಲಿ ಸಕ್ಕರೆಯ ಪೊಟ್ಟಣ, ಹುಡುಗರಲ್ಲಿ ಒಬ್ಬನಿಗೆ ಗ್ಲುಕೋಮೀಟರ್ ಹಿಡಿಯುವುದು ಗೊತ್ತು. ಒಂದು ಕೂಟದಲ್ಲಿ ಕ್ವಾರ್ಟರ್ ಫೈನಲ್‌ಗೆ ಮೊದಲು ತಂದೆಯೇ ಬೇಡ ಎಂದರು. ಮಗನಿಗೆ ಓಡಿಸುವ ಆಸೆ ಇತ್ತು, ಆದರೂ ಬಾಯಿ ಮುಚ್ಚಿಕೊಂಡು ಲಾರಿ ಕರೆಸಿದ. ಮರುದಿನ ಸಂಜೆ ಹಟ್ಟಿಯಲ್ಲಿ ಒಂದು ಗಂಟೆ ವಾದ ಮಾಡಿದರಂತೆ, ಒಳ್ಳೆಯದೇ ಆಯಿತು.

ನಿದ್ದೆಯ ವಿಷಯ ಮಾತ್ರ ಕೈಗೂಡಿಲ್ಲ. ತಂದೆ ಕಾರಿಗೆ ಹೋಗುತ್ತಾರೆ, ಬಾಗಿಲು ತೆರೆದಿಟ್ಟು ಮೈಕ್ ಕೇಳುತ್ತಾ ಕೂರುತ್ತಾರೆ. ಕಾಲು ಚಾಚಿ ಕೂತರೂ ಸಾಕು ಎಂದು ಸದ್ಯಕ್ಕೆ ಒಪ್ಪಿಕೊಂಡಿದ್ದೇವೆ. ಈಗ ಹೊಸ ಚರ್ಚೆ ಒಂದು ಮರಿಕೋಣದ ಬಗ್ಗೆ. ತರಬೇಕು ಎನ್ನುತ್ತಾರೆ ತಂದೆ, ಅದು ಓಡುವ ಹೊತ್ತಿಗೆ ನೋಡಿಕೊಳ್ಳುವವರು ಯಾರು ಎಂದು ಮಗ ಕೇಳುತ್ತಾನೆ. ಅದಕ್ಕೆ ಸೊಸೆಯನ್ನೂ ಅತ್ತೆಯನ್ನೂ ಸೇರಿಸಿಕೊಂಡು ಮಳೆಗಾಲದಲ್ಲಿ ಕೂರುವುದೆಂದು ಮಾಡಿದ್ದೇವೆ. ನವೆಂಬರ್ ಬಂದ ಮೇಲೆ ಈ ಮನೆಯಲ್ಲಿ ಯಾರಿಗೂ ಪುರುಸೊತ್ತು ಇರುವುದಿಲ್ಲ.