ಮಂಚದ ಪಕ್ಕದ ತೊಟ್ಟಿಲು: ಮೊದಲು ಟೇಪ್ ಹಿಡಿಯಿರಿ

ಮುಂದಿನ ತಿಂಗಳು ಹೆರಿಗೆ, ತೀರ್ಥಹಳ್ಳಿ ಮನೆಯಲ್ಲಿ ಹಳೇ ಎತ್ತರದ ಮಂಚ, ಅದರ ಪಕ್ಕಕ್ಕೆ ಜೋಡಿಸೋ, ಮಂಚದ ಕಡೆ ತೆರೆದಿರೋ ತೊಟ್ಟಿಲು ಯಾವುದು ಒಳ್ಳೇದು ಅಂತ ಕೇಳಿದ್ದೀರಿ. ಕಂಪನಿ ಆಮೇಲೆ ನೋಡೋಣ. ಮೊದಲು ನೆಲದಿಂದ ನಿಮ್ಮ ಹಾಸಿಗೆಯ ಮೇಲ್ಭಾಗದವರೆಗೆ ಅಳೆಯಿರಿ, ತೊಟ್ಟಿಲು ಆ ಎತ್ತರಕ್ಕೆ ಹೊಂದಬೇಕು.

ನಾವು ಅಳೆಯದೆ ಶಿವಮೊಗ್ಗದಿಂದ ತಂದಿದ್ದೆವು. ಜೋಡಿಸಿದರೆ ಮಂಚಕ್ಕೂ ತೊಟ್ಟಿಲಿಗೂ ನಡುವೆ ಮೂರು ಬೆರಳು ಸಂದಿ. ಅಮ್ಮ ಹಳೇ ಸೀರೆ ಮಡಚಿ ತುರುಕಿದರು. ಬೆಳಗಿನ ಜಾವ ನೋಡಿದರೆ ಆ ಸೀರೆ ಬಿಚ್ಚಿಕೊಂಡು ಮಗುವಿನ ಕೆನ್ನೆಗೆ ತಾಗುತ್ತಿತ್ತು. ನನ್ನ ಕೈಕಾಲು ತಣ್ಣಗಾಯಿತು. ಅವತ್ತೇ ವಾಪಸ್ ಕೊಟ್ಟೆವು. ಸಂದಿ ಇರಲೇಬಾರದು, ಬಟ್ಟೆ ತುರುಕಿ ಮುಚ್ಚಲೂಬಾರದು. ತೊಟ್ಟಿಲನ್ನು ಮಂಚಕ್ಕೆ ಕಟ್ಟುವ ಬೆಲ್ಟ್ ಬಿಗಿದು ಜೋರಾಗಿ ಅಲ್ಲಾಡಿಸಿ ನೋಡಿ. ನಿಮ್ಮ ಮಂಚಕ್ಕೆ ಹೊಂದದಿದ್ದರೆ ನಾಲ್ಕೂ ಕಡೆ ತಡೆ ಇರುವ ತೊಟ್ಟಿಲನ್ನೇ ಕೈಗೆ ಎಟುಕುವ ಹಾಗೆ ಇಟ್ಟುಕೊಳ್ಳಿ, ಸಾಕು.

ಹಾಸು ಗಟ್ಟಿಯಾಗಿ, ಸಮತಟ್ಟಾಗಿ ಇರಲಿ. ತಲೆ ಎತ್ತರಿಸಿದ ಇಳಿಜಾರಿನದು ಬೇಡವೇ ಬೇಡ. ಗಲ್ಲ ಎದೆಗೆ ಒತ್ತಿದರೆ ಎಳೆ ಮಗುವಿಗೆ ಉಸಿರು ಕಟ್ಟುತ್ತದೆ. ಅಮೆರಿಕದಲ್ಲಿ 2022ರಿಂದ 10 ಡಿಗ್ರಿಗಿಂತ ಜಾಸ್ತಿ ಇಳಿಜಾರಿನವನ್ನು ಮಗು ಮಲಗಿಸಲು ಅಂತ ತಯಾರಿಸಿ ಮಾರುವಂತಿಲ್ಲ.

ಸಾಸಿವೆ ದಿಂಬಿನ ಮಾತು ಬಂದೇ ಬರುತ್ತದೆ, ಅಲ್ವಾ? ಹಿರಿಯರಿಗೆ ಸಮಾಧಾನವಾಗಿ ಹೇಳಿ, ಆದರೆ ತೊಟ್ಟಿಲೊಳಗೆ ಇಡಬೇಡಿ. ಮಗು ಯಾವಾಗಲೂ ಅಂಗಾತ ಮಲಗಲಿ. ನಮ್ಮ ಕಡೆ ಮಳೆಗಾಲದ ಥಂಡಿಗೆ ಕಂಬಳಿ ಹೊದಿಸೋ ಬದಲು ಒಂದು ಪದರ ಜಾಸ್ತಿ ಬಟ್ಟೆ ಹಾಕಿ. ಹಾಸಿನ ಅಡಿಭಾಗ ಬೂಷ್ಟು ಹಿಡಿಯುತ್ತದೆ, ಆಗಾಗ ಎತ್ತಿ ಒಣಗಿಸಿ.

ಮಗು ಮಗುಚಲು ಅಥವಾ ಕೈಯೂರಿ ಏಳಲು ಶುರು ಮಾಡಿದ ದಿನವೇ ಇದನ್ನು ಬಿಟ್ಟು, ಎತ್ತರದ ಕಟಕಟೆ ಇರುವ ದೊಡ್ಡ ತೊಟ್ಟಿಲಿಗೆ ಹಾಕಿ. ಮಂಚದ ಅಳತೆ ಇಲ್ಲಿ ಬರೆಯಿರಿ, ಹೊಂದುತ್ತದಾ ನೋಡಿ ಹೇಳುತ್ತೇನೆ.