ಕಣ್ಣುಮುಚ್ಚಿ ತೆರೆದ ಪುಟ

ಪ್ರಶ್ನೆ: ವಿಕಿಪೀಡಿಯದಲ್ಲಿ ‘ಯಾದೃಚ್ಛಿಕ ಪುಟ’ ಕೊಂಡಿಯನ್ನು ದಿನವೂ ಒತ್ತುತ್ತೇನೆ. ಕೆಲವು ಲೇಖನಗಳು ಎರಡೆರಡು ಸಲ ಬಂದಿವೆ. ಇದು ನಿಜಕ್ಕೂ ಚೀಟಿ ಎತ್ತಿದಂತೆಯೇ?

ಉತ್ತರ: ಹೆಚ್ಚುಕಡಿಮೆ ಹಾಗೇ, ಆದರೆ ಚೀಟಿಗಳೆಲ್ಲ ಒಂದೇ ಅಳತೆಯವಲ್ಲ. ಪುಟ ಸೃಷ್ಟಿಯಾದಾಗಲೇ ಅದಕ್ಕೆ 0 ಮತ್ತು 1ರ ನಡುವಿನ ಒಂದು ದಶಮಾಂಶ ಸಂಖ್ಯೆ ಸಿಗುತ್ತದೆ. ಆಮೇಲೆ ಲೇಖನವನ್ನು ಎಷ್ಟು ತಿದ್ದಿದರೂ ಆ ಸಂಖ್ಯೆ ಬದಲಾಗದು. ನೀವು ಕೊಂಡಿ ಒತ್ತಿದಾಗ ಸರ್ವರ್ ಹೊಸದೊಂದು ಸಂಖ್ಯೆ ಆರಿಸಿ, ಅದರ ಮುಂದೆ ಮೊದಲು ಸಿಗುವ ಪುಟವನ್ನು ತೆರೆಯುತ್ತದೆ. ಮುಂದೆ ಯಾವುದೂ ಇಲ್ಲದಿದ್ದರೆ ಮತ್ತೆ ಆರಂಭದಿಂದ ಹುಡುಕುತ್ತದೆ.

ಅಕ್ಕಪಕ್ಕದ ಮೂರು ಪುಟಗಳ ಸಂಖ್ಯೆ 0.41, 0.42, 0.47 ಎಂದಿಟ್ಟುಕೊಳ್ಳಿ. ಎರಡನೆಯದರ ಹಿಂದೆ 0.01ರಷ್ಟೇ ಜಾಗ, ಮೂರನೆಯದರ ಹಿಂದೆ 0.05. ಹಾಗಾಗಿ ಮೂರನೆಯದು ಐದು ಪಟ್ಟು ಹೆಚ್ಚು ಸಲ ಎದುರಾಗುತ್ತದೆ. ನಿಜವಾದ ಅಂತರಗಳು ಇದಕ್ಕಿಂತ ಎಷ್ಟೋ ಕಿರಿದು, ಆದರೆ ಏರುಪೇರು ಇದೇ ಬಗೆಯದು.

ಒಂದೇ ಪುಟ ಮರಳಿ ಬರುವುದಕ್ಕೆ ಇಷ್ಟೇ ಕಾರಣವಲ್ಲ. 30 ಸಾವಿರ ಲೇಖನಗಳಿರುವ ಆವೃತ್ತಿಯಲ್ಲಿ ಎಲ್ಲ ಅಂತರಗಳೂ ಸಮನಾಗಿದ್ದರೂ, ಸುಮಾರು 200 ಸಲ ಒತ್ತುವಷ್ಟರಲ್ಲಿ ಯಾವುದಾದರೊಂದು ಪುಟ ಮತ್ತೆ ಬರುವ ಸಾಧ್ಯತೆ ಅರ್ಧಕ್ಕರ್ಧ. ಏರುಪೇರನ್ನೂ ಲೆಕ್ಕಕ್ಕೆ ತಂದರೆ 150ರ ಒಳಗೇ ಆ ಹಂತ ಮುಟ್ಟುತ್ತೀರಿ. ದಿನಕ್ಕೆ ಹತ್ತು ಸಲ ಒತ್ತುವವರಿಗೆ ಇದು ಎರಡು ವಾರದ ಮಾತು.

ಪ್ರಶ್ನೆ: ಬರುವುದೆಲ್ಲ ಎರಡು ಸಾಲಿನ ಲೇಖನಗಳೇ. ಒಳ್ಳೆಯವು ಸಿಗುವ ದಾರಿ ಇದೆಯೇ?

ಉತ್ತರ: ಇದೆ. ಮೊದಲು ಕಾರಣ ತಿಳಿದುಕೊಳ್ಳಿ: ಈ ಕೊಂಡಿ ಲೇಖನದ ಉದ್ದವನ್ನಾಗಲಿ ಗುಣಮಟ್ಟವನ್ನಾಗಲಿ ನೋಡುವುದಿಲ್ಲ. ಊರು, ಆಟಗಾರ, ಕೀಟ ಮುಂತಾದವುಗಳ ಚುಟುಕು ಪುಟಗಳು ಅಪಾರವಾಗಿರುವುದರಿಂದ ಅವೇ ಹೆಚ್ಚು ಬೀಳುತ್ತವೆ.

‘ವಿಶೇಷ ಪುಟಗಳು’ ಪಟ್ಟಿಯಲ್ಲಿ ಒಂದು ವರ್ಗದೊಳಗಿಂದ ಮಾತ್ರ ಪುಟ ಆರಿಸುವ ಸೌಲಭ್ಯವಿದೆ. ಅಲ್ಲಿ ವರ್ಗದ ಹೆಸರನ್ನು ಒಂದಕ್ಷರವೂ ತಪ್ಪದೆ ಬರೆಯಬೇಕು. ಇಂಗ್ಲಿಷ್ ಆವೃತ್ತಿಯಾದರೆ ‘ಫೀಚರ್ಡ್ ಆರ್ಟಿಕಲ್ಸ್’ ವರ್ಗ ಕೊಟ್ಟು ನೋಡಿ. ಕಟ್ಟುನಿಟ್ಟಾಗಿ ಪರಿಶೀಲಿಸಿದ ಲೇಖನಗಳೇ ಬರುತ್ತವೆ. ನಮ್ಮ ಪ್ರಕಾರ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ.

ಎಡವುವುದು ಎಲ್ಲಿ ಎಂದರೆ, ಈ ಸೌಲಭ್ಯ ಉಪವರ್ಗಗಳೊಳಗೆ ಇಳಿಯುವುದಿಲ್ಲ. ‘ವಿಜ್ಞಾನ’ದಂಥ ದೊಡ್ಡ ವರ್ಗದಲ್ಲಿ ನೇರವಾಗಿರುವ ಪುಟಗಳು ಕೆಲವೇ, ‘ಜ್ವಾಲಾಮುಖಿಗಳು’ ಮಟ್ಟದ ಕಿರುವರ್ಗ ಹಿಡಿಯಿರಿ. ಇನ್ನೊಂದು, ಇಲ್ಲಿ ಆಯ್ಕೆ ನಡೆಯುವುದು ಪುಟ ಆ ವರ್ಗಕ್ಕೆ ಸೇರಿದ ಸಮಯದ ಆಧಾರದ ಮೇಲೆ. ಒಂದೇ ದಿನ ನೂರಾರು ಪುಟ ಸೇರಿದ್ದರೆ ಅವುಗಳ ನಡುವೆ ಸಿಕ್ಕಿಕೊಂಡವು ಅಪರೂಪಕ್ಕೆ ಕಾಣಿಸುತ್ತವೆ.

ಪ್ರಶ್ನೆ: ಪ್ರತಿ ಸಲ ಮೆನು ತೆರೆಯದೆ ಒತ್ತಬಹುದೇ?

ಉತ್ತರ: ವಿಂಡೋಸ್‌ನಲ್ಲಿ ಕ್ರೋಮ್, ಫೈರ್‌ಫಾಕ್ಸ್ ಬಳಸುವವರು ಆಲ್ಟ್, ಶಿಫ್ಟ್, ಎಕ್ಸ್ ಒಟ್ಟಿಗೆ ಒತ್ತಿ. ಮ್ಯಾಕ್‌ನಲ್ಲಿ ಕಂಟ್ರೋಲ್, ಆಪ್ಷನ್, ಎಕ್ಸ್. ಬುಕ್‌ಮಾರ್ಕ್ ಬೇಕಿದ್ದರೆ ತೆರೆದ ಪುಟವನ್ನಲ್ಲ, ಆ ಕೊಂಡಿಯನ್ನೇ ಎಳೆದು ಬುಕ್‌ಮಾರ್ಕ್ ಪಟ್ಟಿಯ ಮೇಲೆ ಬಿಡಿ. ತೆರೆದ ಪುಟವನ್ನು ಉಳಿಸಿಕೊಂಡರೆ ಪ್ರತಿ ಸಲ ಅದೇ ಲೇಖನ ಬರುತ್ತದೆ.