ಮೊದಲು ಅದಿರು, ಆಮೇಲೆ ಕಾನೂನು?

ಹೊಸಪೇಟೆಯ ಲಾರಿ ಮಾಲೀಕರೊಬ್ಬರು ಬರೆದಿದ್ದಾರೆ: "ಗಣಿ ಎಂದರೆ ನಿಮ್ಮ ಪತ್ರಿಕೆಗೆ ಆಗಿಬರುವುದಿಲ್ಲ. ದೇಶ ಮೊದಲು ಶ್ರೀಮಂತವಾಗಲಿ, ಪರಿಸರದ ಕಾನೂನು ತಾನಾಗಿ ಗಟ್ಟಿಯಾಗುತ್ತದೆ. ಅದಿರು ತೆಗೆಯಲು ಮಿತಿ ಯಾಕೆ ಬೇಕು?"

ಸಂಪಾದಕರ ಉತ್ತರ:

ನಿಮ್ಮ ಸಿಟ್ಟು ಅರ್ಥವಾಗುತ್ತದೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ, ಸಾಲ ಮಾಡಿ ಲಾರಿ ಕೊಂಡವರು ಕಂತು ಕಟ್ಟಲಾಗದೆ ಒದ್ದಾಡಿದರು. ಕೊಳ್ಳೆ ಹೊಡೆದವರು ಬೇರೆ, ಅನುಭವಿಸಿದವರು ಬೇರೆ. ಆದರೆ ಶ್ರೀಮಂತಿಕೆಯ ಬೆನ್ನಿಗೇ ಕಾನೂನು ಬರುತ್ತದೆ ಎನ್ನುವುದನ್ನು ನಾನು ಒಪ್ಪಲಾರೆ.

ನಮ್ಮ ಗಟ್ಟಿ ಕಾನೂನುಗಳು ಬಂದದ್ದು ದೇಶ ಬಡವಾಗಿದ್ದಾಗ. ಜಲಮಾಲಿನ್ಯ ಕಾಯ್ದೆ 1974ರದು, ಅರಣ್ಯ ಸಂರಕ್ಷಣೆಯದು 1980ರದು. ಭೋಪಾಲದಲ್ಲಿ ವಿಷಾನಿಲದ ಸಾವುಗಳಾದ ಮೇಲೆ 1986ರಲ್ಲಿ ಪರಿಸರ ಸಂರಕ್ಷಣಾ ಕಾಯ್ದೆ ಬಂತು. ಕೈಯಲ್ಲಿ ನಾಲ್ಕು ಕಾಸು ಓಡಾಡತೊಡಗಿದ ಮೇಲೆ ಇವನ್ನು ಸವೆಸುವ ಕೆಲಸ ಶುರುವಾಯಿತು. 1986ರ ಕಾಯ್ದೆ ಮುರಿದರೆ 5 ವರ್ಷದವರೆಗೆ ಜೈಲು ಎಂದಿತ್ತು. 2023ರ ಜನ ವಿಶ್ವಾಸ್ ಕಾಯ್ದೆ ಅದನ್ನು 10 ಸಾವಿರದಿಂದ 15 ಲಕ್ಷ ರೂಪಾಯಿವರೆಗಿನ ದಂಡಕ್ಕೆ ಇಳಿಸಿತು. ದಂಡ ಕಟ್ಟದಿದ್ದರೆ ಮಾತ್ರ ಜೈಲು. ಒಂದು ಗೂಡ್ಸ್ ರೈಲಿನ ಅದಿರಿಗೆ ಎಷ್ಟು ಸಿಗುತ್ತದೆಂದು ನಿಮಗೆ ನಾನು ಹೇಳಬೇಕಿಲ್ಲ.

ನಿಮ್ಮ ಊರಿನ ಕಥೆಯೇ ನೋಡಿ. ಚೀನಾದ ಬೇಡಿಕೆಗೆ ಅದಿರಿನ ಬೆಲೆ ಏರಿದ ಕಾಲದಲ್ಲಿ ಅದಿರಿನ ದೂಳಿಗೆ ಸಂಡೂರು ರಸ್ತೆಯ ಮರಗಳ ಎಲೆ ಹಸಿರೋ ಕೆಂಪೋ ತಿಳಿಯುತ್ತಿರಲಿಲ್ಲ. ಆಗ ಕಾನೂನು ಇರಲಿಲ್ಲವೇ? ಮೇಲೆ ಹೇಳಿದ ಎಲ್ಲವೂ ಇದ್ದವು. ಆದರೂ ಗುತ್ತಿಗೆಯ ಗಡಿ ದಾಟಿ ಅಗೆದರು. ಪರ್ಮಿಟ್ ಇಲ್ಲದ ಅದಿರು ಬೇಲೇಕೇರಿ ಬಂದರಿನಲ್ಲಿ ಹಡಗು ಹತ್ತಿತು. ತಡೆದದ್ದು ಯಾವ ಇಲಾಖೆಯೂ ಅಲ್ಲ. ಸಮಾಜ ಪರಿವರ್ತನ ಸಮುದಾಯ ಎಂಬ ಸ್ವಯಂಸೇವಾ ಸಂಸ್ಥೆಯವರು ಕೋರ್ಟಿಗೆ ಹೋದರು, ಲೋಕಾಯುಕ್ತರು ವರದಿ ಕೊಟ್ಟರು.

ಸುಪ್ರೀಂ ಕೋರ್ಟಿನ 2013ರ ತೀರ್ಪು ಅತಿ ಹೆಚ್ಚು ಅಕ್ರಮ ಮಾಡಿದ 'ಸಿ' ವರ್ಗದ ಗುತ್ತಿಗೆಗಳನ್ನು ರದ್ದು ಮಾಡಿತು. ಬಳ್ಳಾರಿ, ಚಿತ್ರದುರ್ಗ, ತುಮಕೂರು ಸೇರಿ ವರ್ಷಕ್ಕೆ 3 ಕೋಟಿ ಟನ್ ಮಿತಿ ಬಂತು. ಉಕ್ಕಿನ ಕಾರ್ಖಾನೆಗಳು ಅದಿರು ಸಾಲದು ಎಂದವು. 2017ರಲ್ಲಿ ಅದು 3.5 ಕೋಟಿಯಾಯಿತು, 2022ರಲ್ಲಿ 5 ಕೋಟಿ. ಕಾನೂನನ್ನು ಬೆಳವಣಿಗೆ ಯಾವ ಕಡೆಗೆ ಎಳೆಯುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ನನಗೆ ಬೇಡ. ಇಷ್ಟಾದ ಮೇಲೂ ಮಿತಿಯೇ ಬೇಡ ಎನ್ನುತ್ತೀರಿ! ನನ್ನ ಸಹಮತವಿಲ್ಲ.

ಒಂದು ಮಾತು. ಅದಿರು ಮಾರಿದ ಹಣದಲ್ಲಿ ಒಂದು ಪಾಲು ಗಣಿ ಬಾಧಿತ ಊರುಗಳ ಪುನಶ್ಚೇತನಕ್ಕೆಂದು ಸಾವಿರಾರು ಕೋಟಿ ಕೂಡಿದೆ. ಅದಕ್ಕಾಗಿಯೇ ಒಂದು ನಿಗಮವೂ ಇದೆ. ನಿಮ್ಮ ಸುತ್ತಿನ ಹಳ್ಳಿಗಳಿಗೆ ಅದರಲ್ಲಿ ಎಷ್ಟು ಬಂತು, ಯಾವ ಕೆಲಸವಾಯಿತು ಎಂದು ವಿಚಾರಿಸಿ ಬರೆಯಿರಿ. ಆ ಪತ್ರವನ್ನೂ ಅಚ್ಚು ಹಾಕುತ್ತೇವೆ.